ಶಾಲು ಹೊದ್ದ ಗೈಡು

ನನ್ನ ಗೈಡ್ ಪಂಚಾಕ್ಷರಯ್ಯನವರು ತೀರಿಕೊಂಡು ಹನ್ನೊಂದು ವರ್ಷವಾಯಿತು. ಪಿಎಚ್.ಡಿ.ಗೆ ಸಹಿ ಮಾತ್ರ ಇನ್ನೂ ಅವರದೇ ಬೇಕು. ಸತ್ತ ಪ್ರೊಫೆಸರುಗಳಿಗೆ ನಿವೃತ್ತಿ ಇಲ್ಲ. ಅವರ ಬುದ್ಧಿಯನ್ನೆಲ್ಲ ತುಂಬಿಟ್ಟ ಪೆಟ್ಟಿಗೆ ಈ ಸಲದ ಕಮ್ಮಟದಲ್ಲೂ ವೇದಿಕೆಯ ಮೇಲಿತ್ತು. ಪದ್ಧತಿಯಂತೆ ಅದಕ್ಕೆ ಶಾಲು ಹೊದಿಸಿದೆ. ನಲವತ್ತೆರಡು ಊರು ಸುತ್ತಿ ಕೆರೆಗಳ ತೂಬಿನ ಬಗ್ಗೆ ಮಾಡಿದ ಸಂಶೋಧನೆಯನ್ನು ಮಂಡಿಸಿದೆ.

"ಇದರಲ್ಲಿ ಹೊಸದೇನಿದೆ ಸುಗುಣಾ? ಹೋದ ತಿಂಗಳೇ ಈ ಬಗ್ಗೆ ನನ್ನ ಲೇಖನ ಬಂತಲ್ಲ" ಎಂದಿತು ಪೆಟ್ಟಿಗೆ.

"ತಿದ್ದಿಕೊಡಿ ಅಂತ ನಾನು ನಿಮಗೆ ಕಳಿಸಿದ್ದ ಅಧ್ಯಾಯವೇ ಅದು, ಸರ್."

ಸಭೆಯಲ್ಲಿ ಯಾರೂ ತಲೆಯೆತ್ತಲಿಲ್ಲ. ಎಲ್ಲರ ಗೈಡುಗಳೂ ಅಲ್ಲೇ ಸಾಲಾಗಿ ಶಾಲು ಹೊದ್ದು ಕೂತಿದ್ದರು.

"ಬೇರೆ ವಿಷಯ ಹುಡುಕು."

"ನನಗೀಗ ನಲವತ್ತಾರು, ಸರ್."

"ನಿಧಾನವಾಗಿ ಮಾಡಮ್ಮ. ನನಗೇನೂ ಅವಸರವಿಲ್ಲ."