ಒಂದೇ ಹಲಗೆ

"ಎಲ್ಲರೂ ಮೊಣಕಾಲೂರಿ" ಎಂದು ಚರ್ಚಿನಲ್ಲಿ ಫಾದರ್ ಹೇಳಿದಾಗಲೇ ಟೈಲರಮ್ಮ ಪಕ್ಕಕ್ಕೆ ತಿರುಗಿದ್ದು. ತಡವಾಗಿ ಬಂದು ಅವಳ ಬೆಂಚಿನ ತುದಿಯಲ್ಲಿ ಕೂತವನು ಆ ವ್ಯಾನ್ ಡ್ರೈವರ್. ಕುಡಿದು ಗಾಡಿ ಓಡಿಸಿ ಅವಳ ಒಬ್ಬನೇ ಮಗನನ್ನು ಕೊಂದವನು, ಮೊನ್ನೆಯಷ್ಟೇ ಜೈಲಿನಿಂದ ಬಂದಿದ್ದ.

ಮುಂದಿನ ಬೆಂಚಿನ ಬೆನ್ನಿಗೆ ಮಡಚಿಟ್ಟ ಉದ್ದನೆಯ ಹಲಗೆಯನ್ನು ಇಳಿಸಿ, ಸಾಲಿನವರೆಲ್ಲ ಅದರ ಮೇಲೆ ಮೊಣಕಾಲೂರುವುದು ವಾಡಿಕೆ. ಅವನು ಅದನ್ನು ಮುಟ್ಟದೆ ಬರಿಯ ಕಲ್ಲುನೆಲದ ಮೇಲೇ ಮೊಣಕಾಲೂರಿ ತಲೆ ತಗ್ಗಿಸಿದ. ಮೆಷಿನ್ ತುಳಿದು ತುಳಿದು ಸವೆದ ಅವಳ ಮೊಣಕಾಲಿಗೆ ನೆಲ ಆಗದು. ಹಲಗೆ ಎಳೆದಳು, ಅದು ಅರ್ಧ ಇಳಿದು ಅವನ ತೊಡೆಗೆ ತಾಗಿ ನಿಂತಿತು.

"ಏಳೋ, ಹಲಗೆ ಇಳಿಸಬೇಕು."

"ಬೇಡಮ್ಮ. ನನ್ನಂಥವನಿಗೆ ಈ ನೆಲವೇ ಹೆಚ್ಚು."

ಟೈಲರಮ್ಮ ಹಲಗೆಯನ್ನು ಇನ್ನೊಮ್ಮೆ ಒತ್ತಿ ನೋಡಿದಳು.

"ಇರೋದು ಒಂದೇ ಹಲಗೆ ಕಣಪ್ಪ. ನೀನು ಏಳದೆ ನನಗೂ ಮೊಣಕಾಲೂರೋಕಾಗಲ್ಲ."

ಅವನು ಎದ್ದ. ಆ ತುದಿ ಅವನು, ಈ ತುದಿ ಅವಳು ಹಿಡಿದು ಸದ್ದಾಗದಂತೆ ಇಳಿಸಿ, ಅದರ ಮೇಲೆ ಮೊಣಕಾಲೂರಿದರು. ಪ್ರಾರ್ಥನೆಯಲ್ಲಿ 'ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವಂತೆ' ಎಂಬ ಸಾಲು ಬಂದಾಗ ಅವಳ ನಾಲಿಗೆ ಹೊರಳಲಿಲ್ಲ. ಅವನು ಬಿಕ್ಕಿದಾಗಲೆಲ್ಲ ಅವಳ ಮೊಣಕಾಲಡಿಯ ಹಲಗೆಯೂ ನಡುಗುತ್ತಿತ್ತು. ಆದರೂ ಅವಳು ಮೇಲೇಳಲಿಲ್ಲ.