ಹಗ್ಗದ ತುದಿಯ ಮೋಟಾರು

ಎತ್ತುಗಳು ನೊಗ ಕಳಚಿಕೊಂಡು ಜೋಳದ ಹೊಲಕ್ಕೆ ನುಗ್ಗಿದ ಮೇಲೆ ತಾತ್ಯಾಸಾಹೇಬ ರೇಸಿನ ಮೋಟಾರಿನಿಂದ ಇಳಿದು ಕೋಟಿನ ಧೂಳು ಕೊಡವಿಕೊಂಡ. ತಪ್ಪು ಎತ್ತುಗಳದ್ದಲ್ಲ. ತೇರದಾಳದ ಇಳಿಜಾರಿನವರೆಗೆ ಅವು ಆ ನೆಲಕ್ಕಂಟಿದಂತಿದ್ದ ಕೆಂಪು ಮೋಟಾರನ್ನು ಅಚ್ಚುಕಟ್ಟಾಗಿಯೇ ಎಳೆದುಕೊಂಡು ಬಂದಿದ್ದವು. ಇಳಿಜಾರಿನಲ್ಲಿ ಹಗ್ಗ ಸಡಿಲಾಗಿ, ಮೋಟಾರೇ ಮುಂದೆ ಉರುಳಿ ಅವುಗಳ ಹಿಂಗಾಲಿಗೆ ಮುಟ್ಟಿತ್ತು.

"ಎಳಿ ಅಂದ್ರ ಎಳಿತಾವ್ರಿ ಸಾವ್ಕಾರ್ರ. ಬೆನ್ನ ಹತ್ತಿದ್ರ ಓಡತಾವ," ಎಂದು ಎತ್ತುಗಳ ಒಡೆಯ ಅಮಸಿದ್ದಪ್ಪ ಹಗ್ಗ ಬಿಚ್ಚಿ ಇವನ ಕೈಗೆ ಕೊಟ್ಟು ಹೊಲದ ಕಡೆ ನಡೆದ.

ಬರುವ ರವಿವಾರ ಮುಧೋಳದ ಹೊರಗಿನ ಬಯಲಿನಲ್ಲಿ ಮೋಟಾರು ಪಂದ್ಯ. ತಾತ್ಯಾಸಾಹೇಬನ ಮೋಟಾರು, ಬೆಳಗಾವಿ ಬಿಟ್ಟು ತನ್ನ ದೇಶಕ್ಕೆ ಹೊರಟಿದ್ದ ದೊರೆಯೊಬ್ಬನಿಂದ ಕೊಂಡದ್ದು. ಓಡಿದರೆ ಗಾಳಿ, ನಿಧಾನಕ್ಕೆ ನಡೆಸಿದರೆ ಒಲೆಯ ಮೇಲಿನ ಹಂಡೆಯಂತೆ ಕುದಿಯುತ್ತಿತ್ತು. ಗಾಡಿ ದಾರಿಯಲ್ಲಿ ಅಷ್ಟು ದೂರ ಅದೇ ನಡೆದು ಹೋದರೆ ಪಂದ್ಯಕ್ಕೆ ಉಳಿಯುವುದು ಬರೀ ಹೊಗೆ. ಯಾರಾದರೂ ಎಳೆದೊಯ್ಯಲೇಬೇಕು. ಜಮಖಂಡಿಯ ಸರ್ವಿಸ್ ಬಸ್ಸಿನವನು ಸಂತೋಷದಿಂದ ಒಪ್ಪಿದ್ದ. ಆದರೆ ಬಸ್ಸು ತುಂಬಿದ ಮೇಲೆ ಉಳಿದ ಮಂದಿಯನ್ನು ಹಿಂದಿನ ಮೋಟಾರಿನಲ್ಲಿ ಕೂಡ್ರಿಸುವುದಾಗಿ ಕರಾರು ಹಾಕಿದ್ದ.

"ಲಾರಿ ಐತಲ್ರಿ," ಎಂದಳು ಹೆಂಡತಿ ಶಾಂತವ್ವ, ರೊಟ್ಟಿ ಬಡಿಸುತ್ತ.

"ಯಾರದು?"

"ಗೊತ್ತಿದ್ದೂ ಕೇಳತೀರಿ."

ಗೊತ್ತಿತ್ತು. ಲಾರಿ ಇದ್ದದ್ದು ಮಹಾಲಿಂಗಪುರದ ಬೆಲ್ಲದ ವ್ಯಾಪಾರಿ ಪಾರಿಸಪ್ಪನ ಬಳಿ. ಪಾರಿಸಪ್ಪ ಶಾಂತವ್ವನ ತಂದೆ. ಅವನು ಆ ಲಾರಿ ಕೊಂಡ ವರ್ಷ, ಬೀಗರೆಲ್ಲ ಸಾಲಾಗಿ ಊಟಕ್ಕೆ ಕೂತಾಗ ತಾತ್ಯಾಸಾಹೇಬ, "ಮಾವಾರ ಲಾರಿ ಎಲ್ಲಿ ಹೋತಂತ ಹುಡಕೋದ ಬ್ಯಾಡ, ಇರವಿ ಸಾಲ ಹಿಡದು ಹೋದ್ರ ಸಿಗತೈತಿ" ಎಂದು ಪಂಕ್ತಿಯನ್ನೆಲ್ಲ ನಗಿಸಿದ್ದ. ಪಾರಿಸಪ್ಪನೊಬ್ಬ ನಗಲಿಲ್ಲ, ಅರ್ಧ ಊಟಕ್ಕೇ ಎದ್ದು ಹೋದ. ಆಮೇಲೆ ಇಬ್ಬರ ನಡುವೆ ಮಾತು ನಿಂತಿತು. ಅತ್ತೆ ತೀರಿಕೊಂಡಾಗ ಕೂಡ ತಾತ್ಯಾಸಾಹೇಬ ಹೋಗಿ ಕಂಬಕ್ಕೊರಗಿ ನಿಂತು ಬಂದಿದ್ದ, ಅಷ್ಟೇ.

ಈಗ ಪಂದ್ಯದ ಆಸೆ ಅವನನ್ನು ಮಹಾಲಿಂಗಪುರದ ಅಂಗಡಿಯ ಮುಂದೆ ತಂದು ನಿಲ್ಲಿಸಿತು. ಪಾರಿಸಪ್ಪ ಬೆಲ್ಲದ ಪೆಂಟೆ ತಟ್ಟಿ ನೋಡುತ್ತಲೇ ಎಲ್ಲ ಕೇಳಿಸಿಕೊಂಡ.

"ಒಯ್ಯಿರಿ. ಖರೆ ಒಂದ ಮಾತು. ನನ್ನ ಲಾರಿ ನೀವ ಹೊಡೀಬೇಕು. ನಿಮ್ಮ ಮೋಟಾರದಾಗ ನಾ ಕುಂದರತೇನಿ."

"ನಿಮಗ ಮೋಟಾರ ಹೊಡ್ಯಾಕ ಬರೂದಿಲ್ಲಲ್ರಿ ಮಾವಾರ."

"ಹೊಡ್ಯಾವ ಯಾರು? ಎಳಿಸ್ಕೊಳ್ಳಾಂವ ನಾ. ಬ್ರೇಕ್ ಎಲ್ಲೈತಿ ತೋರಸ್ರಿ, ಸಾಕು."

ರವಿವಾರ ಬೆಳಕು ಹರಿಯುತ್ತಲೇ ತೇರದಾಳದ ಮನೆಯಿಂದ ಹೊರಟರು. ಮುಂದೆ ಲಾರಿ, ನಡುವೆ ದಪ್ಪ ಹಗ್ಗ, ಹಿಂದೆ ಕೆಂಪು ಮೋಟಾರು. ಲಾರಿಯ ಸೀಟಿನ ಸಂದಿಯಿಂದ ಹೊರಟ ಇರುವೆಗಳು ರಬಕವಿ ದಾಟುವಷ್ಟರಲ್ಲಿ ತಾತ್ಯಾಸಾಹೇಬನ ಮೊಣಕಾಲು ದಾಟಿದ್ದವು. ಯಾರ ಮುಂದೆಯೂ ಹೇಳುವಂತಿರಲಿಲ್ಲ. ಪಕ್ಕದಲ್ಲಿ ಕೂತ ಶಾಂತವ್ವನ ಮುಂದಂತೂ ಸಾಧ್ಯವೇ ಇರಲಿಲ್ಲ. ಬನಹಟ್ಟಿಯಲ್ಲಿ ನೇಕಾರರು ಮಗ್ಗ ಬಿಟ್ಟು ಬೀದಿಗೆ ಬಂದರು. ಒಬ್ಬರೂ ಲಾರಿಯ ಕಡೆ ನೋಡಲಿಲ್ಲ. ರುಮಾಲಿನ ಮೇಲೆ ಅಳಿಯನ ಧೂಳು ತಡೆಯುವ ಕನ್ನಡಕ ಬಿಗಿದುಕೊಂಡ ಪಾರಿಸಪ್ಪ, ಒಂದು ಕೈಯಲ್ಲಿ ಚಕ್ರ ಹಿಡಿದು ಇನ್ನೊಂದು ಕೈಯಿಂದ ಎರಡೂ ಬದಿಯವರಿಗೆ ನಮಸ್ಕಾರ ಹಂಚುತ್ತ ಬರುತ್ತಿದ್ದ. ಮಹಾಲಿಂಗಪುರದಲ್ಲಿ ಅವನ ಅಂಗಡಿಯವರೇ ಅವನ ಗುರುತು ಹಿಡಿಯಲಿಲ್ಲ.

"ಏನ ಮಾಡಾಕತ್ತಾರ ನಿಮ್ಮಪ್ಪಾರು?" ಎಂದು ತಾತ್ಯಾಸಾಹೇಬ ಕೇಳಿದ.

ಶಾಂತವ್ವ ಹೊರಗೆ ಬಗ್ಗಿ ಹಿಂದೆ ನೋಡಿದಳು. "ನಗಾಕತ್ತಾನ್ರಿ." ತುಸು ಹೊತ್ತು ಹಾಗೇ ನೋಡುತ್ತಿದ್ದು, "ಅವ್ವ ಹೋದ ಮ್ಯಾಲ ಅಪ್ಪ ನಕ್ಕದ್ದು ನಾ ನೋಡಿದ್ದಿಲ್ಲ," ಎಂದಳು.

ಅಲ್ಲಿಂದ ಮುಂದೆ ತಾತ್ಯಾಸಾಹೇಬ ಒಂದೊಂದು ತಗ್ಗನ್ನೂ ನೋಡಿ ತಪ್ಪಿಸಿ ಲಾರಿ ಹೊಡೆದ.

ಮುಧೋಳದ ಬಯಲು ಮುಟ್ಟಿದಾಗ ಉಳಿದ ಮೋಟಾರುಗಳು ಆಗಲೇ ಸಾಲು ಹಿಡಿದು ಗುರುಗುಡುತ್ತಿದ್ದವು. ಬಾವುಟ ಹಿಡಿದವನು ಬೇಗ ಬಾ ಎಂದು ಕೈಸನ್ನೆ ಮಾಡಿದ. ತಾತ್ಯಾಸಾಹೇಬ ಕೆಳಗೆ ಹಾರಿ ಹಗ್ಗದ ಗಂಟಿಗೆ ಕೈ ಹಾಕಿದ.

"ಇಳೀರಿ ಮಾವಾರ. ಬಂತು."

ಪಾರಿಸಪ್ಪ ಇಳಿಯಲಿಲ್ಲ. ಸುತ್ತ ನೆರೆದ ಮಂದಿಯನ್ನೂ ದುಂಡಗೆ ಹಾಸಿದ್ದ ಪಂದ್ಯದ ದಾರಿಯನ್ನೂ ನೋಡಿದ. "ಇಷ್ಟ ಲಗೂ ಬಂತ?" ಎಂದ. ಆಮೇಲೆ ಮೆಲ್ಲಗೆ, ಶಾಲೆ ಹುಡುಗ ಕೇಳಿದ ಹಾಗೆ, "ಒಂದ ಸುತ್ತ ಎಳದಬಿಡ್ರಿ," ಎಂದ.

ತಾತ್ಯಾಸಾಹೇಬ ವರ್ಷವಿಡೀ ಕನಸಿನಲ್ಲಿ ಕಂಡಿದ್ದ ಸಾಲು ಎದುರಿಗೇ ಇತ್ತು. ಅದರಲ್ಲಿ ಅವನ ಜಾಗ ಖಾಲಿ ಇತ್ತು. ಅವನು ಅದನ್ನೊಮ್ಮೆ ನೋಡಿದ, ಕನ್ನಡಕದ ಕೆಳಗೆ ಧೂಳು ಮೆತ್ತಿದ ಮುದುಕನ ಮುಖವನ್ನೊಮ್ಮೆ ನೋಡಿದ. ಸಡಿಲಿಸಿದ್ದ ಗಂಟನ್ನು ಮತ್ತೆ ಬಿಗಿದು ಲಾರಿ ಹತ್ತಿದ.

ಅರ್ಧ ಸುತ್ತು ಕೂಡ ಆಗಿರಲಿಲ್ಲ, ಹಿಂದೆ ಬಾವುಟ ಬಿತ್ತು. ಮೊದಲ ಮೋಟಾರು ಧೂಳೆಬ್ಬಿಸುತ್ತ ಲಾರಿಯ ಪಕ್ಕದಿಂದ ಸರ್ರನೆ ಹಾದು ಹೋಯಿತು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ಗದ್ದಲದ ನಡುವೆ ಹಗ್ಗದ ತುದಿಯಿಂದ ಒಂದು ದನಿ ಕೇಳಿತು:

"ಜೋರ ಹೊಡೀರಿ ಅಳಿಯಂದ್ರ, ಅವ ಮುಂದ ಹೊಂಟಾನ."

ತಾತ್ಯಾಸಾಹೇಬ ಗೇರು ಬದಲಿಸಿದ.