ಅಕ್ಕನ ಪರವಾಗಿ

"ಒಂದು ರೂಪಾಯಿ ಕಡಿಮೆಯಾದ್ರೂ ನಮ್ಮ ಕಕ್ಷಿದಾರರು ಒಪ್ಪಲ್ಲ" ಎಂದ ವಕೀಲರ ಗುಮಾಸ್ತ, ಫೈಲಿನಿಂದ ತಲೆ ಎತ್ತದೆ.

ಸ್ಕೂಟರ್ ಮೆಕ್ಯಾನಿಕ್ ಹಲ್ಲು ಕಚ್ಚಿದ. ಬೆಳಗಿನಿಂದ ಇದೇ ಬೆಂಚು. ವಕೀಲರು ಈಗ ಬರುತ್ತಾರೆ ಎಂದರು. ಬಂದವರು ಚೀಲ ಎತ್ತಿಕೊಂಡು ಮತ್ತೆ ಕೋರ್ಟಿಗೆ ಹೋದರು. ನಾಳೆಯೇ ವಿಚಾರಣೆ. ತೀರ್ಪು ಬಿದ್ದರೆ ಮುಂದಿನದು ಜಪ್ತಿ. ಅಕ್ಕನ ಬೇಕರಿಯಲ್ಲಿ ಓವನ್ ಹೋದರೆ ಉಳಿಯುವುದು ಬೋರ್ಡು ಮಾತ್ರ.

ಅಕ್ಕನೋ, ಸಮನ್ಸ್ ಕೈಗೆ ಬಂದ ದಿನದಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದಳು. "ಇದ್ದಿದ್ರೆ ಕೊಡ್ತಿರಲಿಲ್ವೇನೋ? ಇನ್ನು ಕೋರ್ಟೇ ನೋಡ್ಕೊಳ್ಳಲಿ" ಎಂದದ್ದೇ ಕೊನೆ.

ಅಕ್ಕನಿಗೆ ಸಾಲ ಕೊಟ್ಟು ಈಗ ಕೇಸು ಹಾಕಿದವರನ್ನು ಅವನು ಹೊತ್ತಲ್ಲದ ಹೊತ್ತಿನಲ್ಲೂ ಗೋಗರೆದಿದ್ದ. ಸಿಕ್ಕ ಉತ್ತರ ಒಂದೇ: "ನೀವು ಕರಗಬಹುದು, ನಾನು ಕರಗಲ್ಲ." ಗೋಡೆಗೆ ಹೇಳಿದ್ದರೆ ಅದಾದರೂ ಬಿರುಕು ಬಿಡುತ್ತಿತ್ತು. ಕೊನೆಗೆ ತನ್ನ ಸ್ಕೂಟರನ್ನೇ ಮಾರಿದ. ಮನೆಯಲ್ಲಿ, ಬಿಡಿಭಾಗ ಸಿಕ್ಕಿಲ್ಲ, ಗ್ಯಾರೇಜಿನಲ್ಲಿದೆ ಎಂದು ಸುಳ್ಳು ಹೇಳಿದ.

ಸಂಜೆಯಾಗುತ್ತಾ ವಕೀಲರು ಬಂದರು.

"ಪ್ರತಿವಾದಿಗೆ ನೀವು ಏನಾಗಬೇಕು?"

"ತಮ್ಮ."

"ಕೇಸು ಹಾಕಿದವರು ಪರಿಚಯವೋ?"

"ಪರಿಚಯ ಅಂತ ತಿಳ್ಕೊಂಡಿದ್ದೆ ಸಾರ್."

ವಕೀಲರು ನಗಲಿಲ್ಲ. ಹಣ ಎಣಿಸಿದರು. ರಾಜಿಯಾಗಿದೆ, ನಾಳೆ ಕೇಸು ವಾಪಸ್ ಪಡೆಯುತ್ತೇವೆ ಎಂದು ಬರೆದು ಸಹಿ ಹಾಕಿದರು.

"ರಸೀದಿ ಅಕ್ಕನ ಹೆಸರಲ್ಲೇ ಇರಲಿ" ಎಂದ ಅವನು. "ನಾನು ಬಂದಿದ್ದೆ ಅಂತ ನಿಮ್ಮ ಕಕ್ಷಿದಾರರ ಕಿವಿಗೆ ಬೀಳೋದು ಬೇಡ."

"ಹತ್ತು ರೂಪಾಯಿ ಕೊಟ್ಟೋರೂ ಊರಿಗೆಲ್ಲ ಡಂಗುರ ಸಾರ್ತಾರೆ. ನಿಮಗ್ಯಾಕ್ರೀ ಈ ಸಂಕೋಚ?"

"ಗೊತ್ತಾದ್ರೆ ನನಗೆ ಉಳಿಗಾಲವಿಲ್ಲ ಸಾರ್."

ಬಸ್ಸು ತಪ್ಪಿತು. ಇಷ್ಟೆಲ್ಲ ಮಾಡಿದ್ದಕ್ಕೆ ಅಕ್ಕನಾದರೂ ಒಂದು ಒಳ್ಳೆಯ ಮಾತು ಆಡುತ್ತಾಳೆಂಬ ನಂಬಿಕೆ ಇರಲಿಲ್ಲ. ಕಾಲೆಳೆಯುತ್ತಾ ಮನೆ ಮುಟ್ಟಿದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಎಷ್ಟೋ ದಿನದ ಮೇಲೆ ಅವಳ ಮುಖ ಅರಳಿತ್ತು.

"ಈಗಷ್ಟೇ ವಕೀಲರು ಫೋನ್ ಮಾಡಿದ್ರು" ಎಂದಳು. "ನೋಡಿದ್ರಾ, ನಾನು ಕೇಸು ಹಾಕಿದ್ಮೇಲೇ ನಿಮ್ಮಕ್ಕನ ಗಂಟು ಬಿಚ್ಚಿದ್ದು."